ಗ್ರಿಪ್ ಅಂಚಿನ ಫ್ಲ್ಯಾಶ್ ನಿಲ್ಲಬೇಕಾದರೆ ಮೊದಲು ಗಟ್ಟಿ ಪೀಸ್ ನೋಡಿ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಮೋಲ್ಡಿಂಗ್ ಘಟಕ. ಗ್ಯಾರೇಜ್‌ನವರು ಬಳಸುವ ಒಂದು ಟಾರ್ಚ್‌ಗೆ ಬಾಡಿ ಮಾಡಿಕೊಡುತ್ತೇವೆ. ಹಳದಿ ಪಿಪಿ (ಪಾಲಿಪ್ರೊಪಿಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್) ಬಾಡಿ, ಉದ್ದ 160 ಮಿ.ಮೀ., ವ್ಯಾಸ 36, ಗೋಡೆ ದಪ್ಪ 2.2. ಮೇಲ್ಭಾಗದಲ್ಲಿ 70 ಮಿ.ಮೀ. ಉದ್ದದ ಕಪ್ಪು ಟಿಪಿಇ (ರಬ್ಬರಿನ ಹಾಗೆ ಮೆತ್ತಗಿರುವ ಪ್ಲಾಸ್ಟಿಕ್) ಗ್ರಿಪ್, ಗಡಸುತನ 60 ಶೋರ್ ಎ. ಬಾಡಿಯನ್ನು ನಾಲ್ಕು ಕ್ಯಾವಿಟಿ (ಪೀಸ್ ಅಚ್ಚಾಗುವ ಗುಳಿ) ಡೈನಲ್ಲಿ ಹೊಡೆದು, ಆಮೇಲೆ ಕೈಯಲ್ಲಿ ಎತ್ತಿ ಎರಡು ಕ್ಯಾವಿಟಿಯ ಇನ್ನೊಂದು ಡೈಗೆ ಕೂರಿಸಿ ಟಿಪಿಇ ಹೊಡೆಯುತ್ತೇವೆ. ಗ್ರಿಪ್‌ನ ಎರಡೂ ಪಕ್ಕದಲ್ಲಿ ಫ್ಲ್ಯಾಶ್ (ಅಂಚು ದಾಟಿ ಹರಿದ ತೆಳು ಪದರ) ಬರುತ್ತಿದೆ. ಮುಂದೆ ಹಿಂದೆ ಅಷ್ಟಿಲ್ಲ. ಬ್ಲೇಡ್ ಹಿಡಿದು ಟ್ರಿಮ್ ಮಾಡಲು ಬೇರೆ ಆಳು ಇಟ್ಟಿದ್ದೇವೆ, ಬಾಡಿ ಮೇಲೆ ಗೀರು ಬೀಳುತ್ತದೆ. ಟನೇಜ್ (ಮೆಷಿನ್ ಡೈಯನ್ನು ಮುಚ್ಚಿ ಹಿಡಿಯುವ ಬಲ) ಸಾಲದು, ದೊಡ್ಡ ಮೆಷಿನ್‌ಗೆ ಹಾಕಿ ಅಂತಾರೆ ಡೈ ಮೇಕರ್. ಡೈ ಸರಿಯಿಲ್ಲ ಅಂತಾರೆ ಮೆಟೀರಿಯಲ್ ಕೊಡುವವರು. ಕೆಲವು ತಿಂಗಳು ಬಳಸಿದ ಮೇಲೆ ಗ್ರಿಪ್‌ನ ಅಂಚು ಏಳುತ್ತಿದೆ ಅಂತ ಕಸ್ಟಮರ್ ದೂರು ಬೇರೆ. ಗ್ರಿಪ್ ಬಾಡಿಯಲ್ಲೇ ಬೆರೆತ ಹಾಗೆ ಕಾಣಲಿ ಎಂದು ಅಂಚನ್ನು ತೆಳ್ಳಗೆ ಮಾಡಿಸಿದ್ದೆವು. ಎರಡೂ ಡೈ ಹೊಸದಾಗಿ ಮಾಡಿಸಬೇಕಾ?

ಉತ್ತರ: ಎರಡೂ ಡೈ ಬಿಸಾಕುವ ಅಗತ್ಯ ಬರಲಾರದು ಅಂತ ನನ್ನ ಅಂದಾಜು. ಆದರೆ ದುಡ್ಡು ಖರ್ಚು ಮಾಡುವುದಾದರೆ ಮೊದಲು ಬಾಡಿಯ ಡೈ ಮೇಲೆ ಮಾಡಿ, ಆಮೇಲೆ ಟಿಪಿಇ ಡೈ ಮೇಲೆ. ಫ್ಲ್ಯಾಶ್ ಕಾಣುವುದು ಎರಡನೇ ಡೈನಲ್ಲಿ. ಹಾಗಾಗಿ ಎಲ್ಲರೂ ಅದನ್ನೇ ಉಜ್ಜುತ್ತಾ ಕೂರುತ್ತಾರೆ. ಟಿಪಿಇ ಎಲ್ಲಿ ನಿಲ್ಲಬೇಕು, ಯಾವುದರ ಮೇಲೆ ನಿಲ್ಲಬೇಕು ಅನ್ನುವುದು ತೀರ್ಮಾನ ಆಗಿರುವುದು ಗಟ್ಟಿ ಪೀಸ್‌ನ, ಅಂದರೆ ಬಾಡಿಯ, ಡ್ರಾಯಿಂಗ್‌ನಲ್ಲಿ. ನಿಮ್ಮ ಬಾಡಿಯಲ್ಲಿ ಅದಕ್ಕೆ ಜಾಗವನ್ನೇ ಬಿಟ್ಟಿಲ್ಲ.

ಶಟ್‌ಆಫ್ ಅಂದರೆ ಗೊತ್ತಲ್ಲ, ಎರಡನೇ ಡೈನ ಉಕ್ಕು ಗಟ್ಟಿ ಪೀಸ್ ಮೇಲೆ ಒತ್ತಿ ಕೂತು ಟಿಪಿಇಯನ್ನು ತಡೆಯುವ ಗೆರೆ. ಡೈನ ಎರಡು ಭಾಗ ಸೇರುವ ಮಾಮೂಲಿ ಪಾರ್ಟಿಂಗ್ ಲೈನ್‌ನಲ್ಲಿ ಉಕ್ಕಿನ ಮೇಲೆ ಉಕ್ಕು ಕೂರುತ್ತದೆ. ಎರಡೂ ಅಲುಗುವುದಿಲ್ಲ, ಅಳತೆ ಬದಲಾಗುವುದಿಲ್ಲ. ಇಲ್ಲಿ ಉಕ್ಕಿನ ಕೆಳಗೆ ಇರುವುದು ಪ್ಲಾಸ್ಟಿಕ್. ಅದು ಕುಗ್ಗುತ್ತದೆ, ಬಾಗುತ್ತದೆ, ಒತ್ತಿದರೆ ತಗ್ಗುತ್ತದೆ, ಒಂದೊಂದು ಶಾಟ್‌ಗೆ ಒಂದೊಂದು ಅಳತೆ ಬರುತ್ತದೆ. ಬಿಸಿ ಟಿಪಿಇಗೆ 0.03 ಮಿ.ಮೀ. ಸಂದಿ ಸಿಕ್ಕರೂ ಸಾಕು, ನುಗ್ಗುತ್ತದೆ.

ಟನೇಜ್ ವಿಷಯ ಮೊದಲು ಮುಗಿಸೋಣ. ಗ್ರಿಪ್ ಮೇಲಿನಿಂದ ನೋಡಿದರೆ ಹೆಚ್ಚುಕಮ್ಮಿ 70 ಗುಣಿಸು 36, ಅಂದರೆ 2,520 ಚದರ ಮಿ.ಮೀ. ಒಳಗಿನ ಒತ್ತಡ 300 ಬಾರ್ ಅಂತ ಇಟ್ಟುಕೊಳ್ಳಿ. ಒಂದು ಕ್ಯಾವಿಟಿಗೆ ಏಳೂವರೆ ಟನ್ ದಾಟುತ್ತದೆ, ಎರಡಕ್ಕೆ ಹದಿನೈದು ಚಿಲ್ಲರೆ. ರನ್ನರ್ (ಟಿಪಿಇ ಕ್ಯಾವಿಟಿಗೆ ಹರಿದು ಬರುವ ಕಾಲುವೆ) ಸೇರಿಸಿದರೂ ಸಾಮಾನ್ಯ ಮೆಷಿನ್‌ಗೆ ಇದೇನು ಭಾರ ಅಲ್ಲ. ನಿಮ್ಮ ಡೈ ಹಿಂದಕ್ಕೆ ತೆರೆದುಕೊಂಡು ಫ್ಲ್ಯಾಶ್ ಬರುತ್ತಿದ್ದರೆ ಸುತ್ತಲೂ ಬರಬೇಕಿತ್ತು, ಪಕ್ಕದಲ್ಲಿ ಮಾತ್ರ ಅಲ್ಲ. ಟನೇಜ್ ಏರಿಸಿದರೆ ಆಗುವುದು ಒಂದೇ: ಗ್ರಿಪ್‌ನ ಎರಡು ತುದಿಗಳಲ್ಲಿ ಉಕ್ಕು ಪಿಪಿಯೊಳಗೆ ಇನ್ನಷ್ಟು ಇಳಿದು ಗಾಯ ಮಾಡುತ್ತದೆ. ಪಕ್ಕದ ಸಂದಿ ಹಾಗೇ ಇರುತ್ತದೆ.

ಯಾಕೆ ಹಾಗೇ ಇರುತ್ತದೆ ಅನ್ನುವುದೇ ನಿಮ್ಮ ಸಮಸ್ಯೆಯ ಬೇರು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪ್ಲಾಸ್ಟಿಕ್ ಮೇಲೆ ಶಟ್‌ಆಫ್ ಹಿಡಿಯಬೇಕಾದರೆ ಉಕ್ಕು ಸುಮ್ನೆ ಮುಟ್ಟಿದರೆ ಸಾಲದು, 0.05ರಿಂದ 0.1 ಮಿ.ಮೀ. ಒತ್ತಿ ಕೂರಬೇಕು. ನಮ್ಮಲ್ಲಿ ಕ್ರಶ್ ಅನ್ನುವುದು ಇದಕ್ಕೇ. ಈಗ ನಿಮ್ಮ ಬಾಡಿಯ ಅಡ್ಡ ಸೀಳು ಬರೆದುಕೊಳ್ಳಿ. ಅದೊಂದು ವೃತ್ತ. ಡೈ ಮೇಲಿನಿಂದ ಕೆಳಗೆ ಮುಚ್ಚುತ್ತದೆ. ಡೈ ಕೊನೆಯ 0.1 ಮಿ.ಮೀ. ಇಳಿದಾಗ, ವೃತ್ತದ ನೆತ್ತಿಯಲ್ಲಿ ಉಕ್ಕು ಪೂರ್ತಿ 0.1 ಒತ್ತುತ್ತದೆ. ನೆತ್ತಿಯಿಂದ 60 ಡಿಗ್ರಿ ಕೆಳಗೆ ಬಂದರೆ ಒತ್ತುವುದು 0.05. 85 ಡಿಗ್ರಿಗೆ ಬಂದರೆ ಬರೀ 0.009. ಅಲ್ಲಿ ಗೋಡೆ ಹೆಚ್ಚುಕಮ್ಮಿ ನೆಟ್ಟಗೆ ನಿಂತಿರುತ್ತದೆ. ಉಕ್ಕು ಅದನ್ನು ಒತ್ತುವುದೇ ಇಲ್ಲ, ಸವರಿಕೊಂಡು ಹೋಗುತ್ತದೆ. ನೀವು ಕೊಟ್ಟ ವಿವರ ನೋಡಿದರೆ ನಿಮ್ಮ ಗ್ರಿಪ್ ಪಾರ್ಟಿಂಗ್ ಲೈನ್ ಹತ್ತಿರದವರೆಗೂ ಇಳಿದಿದೆ ಅನ್ನಿಸುತ್ತದೆ. ಮುಂದೆ ಹಿಂದೆ ಫ್ಲ್ಯಾಶ್ ಕಡಿಮೆ, ಪಕ್ಕದಲ್ಲಿ ಜಾಸ್ತಿ ಅಂದರಲ್ಲ, ಲೆಕ್ಕ ಸರಿಯಾಗಿ ಕೂರುತ್ತದೆ. ಆ ಜಾಗದಲ್ಲಿ ಎಷ್ಟು ಟನ್ ಹಾಕಿದರೂ ಒತ್ತಡ ಹುಟ್ಟುವುದಿಲ್ಲ. ಬಾಡಿಯ ವ್ಯಾಸ ಒಂದು ಕೂದಲಷ್ಟು ಚಿಕ್ಕದಾದರೂ ಅಲ್ಲಿ ಸಂದಿ ಬೀಳುತ್ತದೆ.

ಚಿಕ್ಕದಾಗುವುದಂತೂ ಖಂಡಿತ. ಪಿಪಿ ಸುಮಾರು 1.5 ಪರ್ಸೆಂಟ್ ಕುಗ್ಗುತ್ತದೆ, ಗ್ರೇಡ್ ನೋಡಿ ಇನ್ನೂ ಜಾಸ್ತಿ. ಆ ಕುಗ್ಗುವಿಕೆ ಡೈನಿಂದ ಹೊರಬಂದ ತಕ್ಷಣ ನಿಲ್ಲುವುದಿಲ್ಲ, ಒಂದೆರಡು ದಿನ ನಡೆಯುತ್ತಲೇ ಇರುತ್ತದೆ. ಬೆಳಿಗ್ಗೆ ಹೊಡೆದ ಬಾಡಿಯನ್ನು ಮಧ್ಯಾಹ್ನ ಓವರ್‌ಮೋಲ್ಡ್ ಮಾಡಿದರೆ (ಅದರ ಮೇಲೆ ಟಿಪಿಇ ಹೊಡೆದರೆ) ಒಂದು ಅಳತೆ, ಶನಿವಾರ ಹೊಡೆದಿದ್ದನ್ನು ಸೋಮವಾರ ಹಾಕಿದರೆ ಇನ್ನೊಂದು. ಕುಗ್ಗುವಿಕೆಯಲ್ಲಿ 0.2 ಪರ್ಸೆಂಟ್ ಏರುಪೇರಾದರೆ 160 ಮಿ.ಮೀ. ಉದ್ದದಲ್ಲಿ 0.32 ಮಿ.ಮೀ. ವ್ಯತ್ಯಾಸ. ನಮ್ಮ ಕೈಯಲ್ಲಿರುವ ಕ್ರಶ್ ಬರೀ 0.1. ಬಾಡಿಯನ್ನು ಎರಡನೇ ಡೈನಲ್ಲಿ ಒಂದು ತುದಿಗೆ ತಾಗಿಸಿ ಕೂರಿಸುತ್ತಿದ್ದರೆ ಇನ್ನೊಂದು ಕಡೆಯ ಶಟ್‌ಆಫ್ ತಪ್ಪುವುದೇ. ಗ್ರಿಪ್‌ನ ನಡುವೆ ಪೀಸನ್ನು ಜಾಗದಲ್ಲಿ ಹಿಡಿಯುವ ಒಂದು ಲೊಕೇಟರ್ ಇಟ್ಟರೆ ಲೆಕ್ಕಕ್ಕೆ ಬರುವುದು ಗ್ರಿಪ್‌ನ 70 ಮಿ.ಮೀ. ಮಾತ್ರ, ಅದೂ ಎರಡು ಕಡೆಗೆ ಹಂಚಿಹೋಗುತ್ತದೆ. ಒಂದೊಂದು ಕಡೆ 0.07. ಅದನ್ನು ಕ್ರಶ್ ನುಂಗಿಕೊಳ್ಳುತ್ತದೆ.

ಇನ್ನೊಂದು ಮಾತು. ಬಾಡಿ ನಾಲ್ಕು ಕ್ಯಾವಿಟಿ ಅಂದಿರಿ. ನಾಲ್ಕೂ ಒಂದೇ ಅಳತೆ ಅಂತ ನಂಬಬೇಡಿ. ಫ್ಲ್ಯಾಶ್ ಬಂದ ಪೀಸ್‌ಗಳನ್ನು ಕ್ಯಾವಿಟಿ ನಂಬರ್ ಪ್ರಕಾರ ನಾಲ್ಕು ಗುಡ್ಡೆ ಹಾಕಿ. ಒಂದು ಗುಡ್ಡೆ ಮಾತ್ರ ದೊಡ್ಡದಾದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಬಾಡಿಯ ಒಳಗಿನ ಆಧಾರ ನೋಡಿದ್ದೀರಾ? ಇದನ್ನು ಬಹಳ ಜನ ಮರೆಯುತ್ತಾರೆ. ಟೊಳ್ಳು ಬಾಡಿ, 2.2 ಮಿ.ಮೀ. ಗೋಡೆ, ಮೇಲಿನಿಂದ ಏಳೂವರೆ ಟನ್. ಒಳಗೆ ಕೋರ್ (ಟೊಳ್ಳಿನೊಳಗೆ ಕೂರುವ ಉಕ್ಕು) ಗಟ್ಟಿಯಾಗಿ ತಾಗಿ ನಿಂತಿರಲೇಬೇಕು. ಆದರೆ ಆಪರೇಟರ್‌ಗೆ ಪೀಸ್ ಸಲೀಸಾಗಿ ಹಾಕಲು ಬರಲಿ ಎಂದು ಎರಡನೇ ಡೈನ ಕೋರನ್ನು ಸಡಿಲ ಮಾಡಿರುತ್ತಾರೆ. ಪಕ್ಕಕ್ಕೆ 0.15 ಸಂದಿ ಇದ್ದರೆ ಟಿಪಿಇ ಒಳಬಂದ ಕೂಡಲೇ ಗೋಡೆ ಅಷ್ಟೂ ಒಳಕ್ಕೆ ಬಾಗುತ್ತದೆ. ಶಟ್‌ಆಫ್ ಕೆಳಗಿನ ಪ್ಲಾಸ್ಟಿಕ್ಕೇ ಸರಿದುಹೋದರೆ ಉಕ್ಕು ಎಷ್ಟು ಚೆನ್ನಾಗಿದ್ದರೇನು?

ಹಾಗಾದರೆ ನಿಮ್ಮಲ್ಲಿ ಯಾವುದು ಕಾರಣ? ನೆಟ್ಟಗಿನ ಪಕ್ಕದ ಗೋಡೆ, ಕುಗ್ಗುವಿಕೆ, ಸಡಿಲ ಕೋರ್, ಮೂರೂ ಇರಬಹುದು. ಉಕ್ಕು ಮುಟ್ಟುವ ಮೊದಲು ಎರಡು ಪರೀಕ್ಷೆ ಮಾಡಿ. ಎರಡಕ್ಕೂ ಖರ್ಚಿಲ್ಲ.

ಮೊದಲನೆಯದು ಶಾರ್ಟ್ ಶಾಟ್. ಹೋಲ್ಡಿಂಗ್ ಪ್ರೆಶರ್ (ತುಂಬಿದ ಮೇಲೂ ಒತ್ತಿ ಹಿಡಿಯುವ ಒತ್ತಡ) ತೆಗೆದು, ಗ್ರಿಪ್ ಅರ್ಧ ಮಾತ್ರ ತುಂಬುವ ಹಾಗೆ ಹೊಡೆಯಿರಿ. ಆಮೇಲೆ ಮುಕ್ಕಾಲು, ಆಮೇಲೆ ಹೆಚ್ಚುಕಮ್ಮಿ ಪೂರ್ತಿ. ಅರ್ಧ ತುಂಬಿದಾಗಲೇ ತುಂಬಿದ ಭಾಗದ ಪಕ್ಕದಲ್ಲಿ ಫ್ಲ್ಯಾಶ್ ಕಂಡರೆ ಅಲ್ಲಿ ಸಂದಿ ಮೊದಲಿಂದಲೇ ಇದೆ, ಒತ್ತಡದ ತಪ್ಪಲ್ಲ. ಪೂರ್ತಿ ತುಂಬಿ ಪ್ಯಾಕ್ ಮಾಡುವಾಗ ಮಾತ್ರ ಬಂದರೆ ಗೋಡೆ ಬಾಗುತ್ತಿದೆ ಅಥವಾ ಸ್ವಿಚ್‌ಓವರ್ (ತುಂಬುವುದರಿಂದ ಹೋಲ್ಡಿಂಗ್ ಪ್ರೆಶರ್‌ಗೆ ಬದಲಾಗುವುದು) ತಡವಾಗುತ್ತಿದೆ.

ಎರಡನೆಯದು ಬ್ಲೂ. ಟೂಲ್ ರೂಮ್‌ನಲ್ಲಿ ಡೈ ಮ್ಯಾಚಿಂಗ್‌ಗೆ ಬಳಸುವ ಅದೇ ನೀಲಿ. ಎರಡು ದಿನ ಹಳೆಯ ಬಾಡಿಗಳನ್ನು, ನಾಲ್ಕೂ ಕ್ಯಾವಿಟಿಯವು, ತೆಗೆದುಕೊಳ್ಳಿ. ಎರಡನೇ ಡೈನ ಶಟ್‌ಆಫ್ ಅಂಚಿಗೆ ತೆಳ್ಳಗೆ ಬ್ಲೂ ಹಚ್ಚಿ, ಪೀಸ್ ಕೂರಿಸಿ, ಟಿಪಿಇ ಇಲ್ಲದೆ ಪೂರ್ತಿ ಟನೇಜ್‌ನಲ್ಲಿ ಮುಚ್ಚಿ ತೆಗೆಯಿರಿ. ಹಳದಿ ಬಾಡಿ ಮೇಲೆ ನೀಲಿ ಗೆರೆ ಸುತ್ತಲೂ ತುಂಡಾಗದೆ ಬರಬೇಕು. ಎಲ್ಲಿ ತುಂಡಾಗಿದೆಯೋ ಅಲ್ಲೇ ಫ್ಲ್ಯಾಶ್. ಎಲ್ಲಿ ಗೆರೆಯ ಬದಲು ಉದ್ದಕ್ಕೆ ಎಳೆದ ಗೀಚು ಕಾಣುತ್ತದೋ ಅಲ್ಲಿ ಉಕ್ಕು ಒತ್ತುತ್ತಿಲ್ಲ, ಸವರುತ್ತಿದೆ. ನಿಮ್ಮ ಪಕ್ಕದ ಅಂಚುಗಳಲ್ಲಿ ಆ ಗೀಚು ಕಾಣುತ್ತದೆ ಅಂತ ನಾನು ನಿರೀಕ್ಷಿಸುತ್ತೇನೆ. ಬಾಡಿಯ ಮೇಲೆ ಎಜೆಕ್ಟರ್ ಪಿನ್ ಗುರುತು, ಟೆಕ್ಸ್‌ಚರ್, ಅಥವಾ ಬಾಡಿಯದೇ ಪಾರ್ಟಿಂಗ್ ಲೈನ್ ಶಟ್‌ಆಫ್ ಗೆರೆಯನ್ನು ಅಡ್ಡ ಹಾಯ್ದಿದ್ದರೆ ಅಲ್ಲೂ ಗೆರೆ ತುಂಡಾಗುತ್ತದೆ. ಬಾಡಿಗೆ ಟೆಕ್ಸ್‌ಚರ್ ಇದ್ದರೆ ಶಟ್‌ಆಫ್ ಜಾಗದಲ್ಲಿ ಕನಿಷ್ಠ ಒಂದೂವರೆ ಎರಡು ಮಿ.ಮೀ. ಪಟ್ಟಿಯನ್ನು ನುಣ್ಣಗೆ ಬಿಡಬೇಕು. ಟೆಕ್ಸ್‌ಚರ್‌ನ ತಗ್ಗುಗಳೇ ಟಿಪಿಇಗೆ ದಾರಿ.

ಇನ್ನು ಅಂಚು ಏಳುವ ವಿಷಯ. ಇದಕ್ಕೂ ಫ್ಲ್ಯಾಶ್‌ಗೂ ಬೇರೆ ಬೇರೆ ಕಾರಣ ಅಂದುಕೊಂಡಿದ್ದೀರಿ. ಬಹುಮಟ್ಟಿಗೆ ಒಂದೇ. ಬೆರೆತ ಹಾಗೆ ಕಾಣಲಿ ಎಂದು ಟಿಪಿಇಯನ್ನು ಅಂಚಿನಲ್ಲಿ ಸೊನ್ನೆಗೆ ಇಳಿಸಿದ್ದೀರಿ. ದೋಸೆಯ ಅಂಚು ತೆಳ್ಳಗಿದ್ದಷ್ಟೂ ಬೇಗ ಕಾವಲಿ ಬಿಟ್ಟು ಏಳುವ ಹಾಗೆ, ಇದೂ ಏಳುತ್ತದೆ. ತೆಳು ಅಂಚಿಗೆ ಬರುವಷ್ಟರಲ್ಲಿ ಟಿಪಿಇ ಆರಿಹೋಗಿರುತ್ತದೆ. ಪಿಪಿಯ ಮೇಲ್ಪದರ ಕರಗಿಸಿ ಬೆಸೆಯುವಷ್ಟು ಬಿಸಿ ಅದರಲ್ಲಿ ಉಳಿದಿರುವುದಿಲ್ಲ. ಅದರ ಮೇಲೆ ಬ್ಲೇಡ್ ಬೇರೆ. ಟ್ರಿಮ್ ಮಾಡುವಾಗ ಅಂಚಿನಲ್ಲಿ ಬೀಳುವ ಒಂದೊಂದು ಸಣ್ಣ ಕಚ್ಚೂ ಮುಂದೆ ಹರಿಯುವುದಕ್ಕೆ ಶುರುವಾಗುವ ಜಾಗ. ಟಾರ್ಚ್ ಗ್ಯಾರೇಜ್‌ನಲ್ಲಿ ಇರುತ್ತದೆ, ಕೈಗೆ ಗ್ರೀಸು, ಆಯಿಲ್ಲು ಮೆತ್ತಿರುತ್ತದೆ. ಪಿಪಿಗೆ ಅಂಟುವ ಟಿಪಿಇಗಳು ಹೆಚ್ಚಾಗಿ ಎಸ್‌ಇಬಿಎಸ್ ಜಾತಿಯವು. ಖನಿಜ ಎಣ್ಣೆ ಹೀರಿ ಉಬ್ಬುತ್ತವೆ. ಉಬ್ಬಿದ ತೆಳು ಅಂಚು ಸುರುಳಿ ಸುತ್ತಿಕೊಳ್ಳುತ್ತದೆ.

ಬೆಸುಗೆಯೇ ಸರಿಯಿಲ್ಲವೋ ಅಂಚಿನ ತೊಂದರೆ ಮಾತ್ರವೋ ಅಂತ ತಿಳಿಯಲು ಗ್ರಿಪ್‌ನ ನಡುಭಾಗದಲ್ಲಿ ಒಂದು ಪಟ್ಟಿ ಸೀಳಿ, ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಟಿಪಿಇ ಹರಿದು ಬಾಡಿ ಮೇಲೆ ಕಪ್ಪು ಉಳಿದರೆ ಬೆಸುಗೆ ಚೆನ್ನಾಗಿದೆ. ಹಳದಿ ಸ್ವಚ್ಛವಾಗಿ ಕಾಣುವ ಹಾಗೆ ಪೂರ್ತಿ ಕಿತ್ತು ಬಂದರೆ ಗ್ರೇಡ್, ಉಷ್ಣಾಂಶ ಅಥವಾ ಕೊಳೆಯ ಕಡೆ ನೋಡಬೇಕು. ಬಾಡಿ ಹೊಡೆಯುವಾಗ ಸಿಲಿಕೋನ್ ಸ್ಪ್ರೇ ಬಳಸುತ್ತಿದ್ದರೆ ಇವತ್ತೇ ನಿಲ್ಲಿಸಿ. ಕಸ್ಟಮರ್ ಅಂಕಿಯಲ್ಲಿ ಕೇಳಿದರೆ ವಿಡಿಐ 2019 ಎಂಬ ಜರ್ಮನ್ ಮಾರ್ಗಸೂಚಿ ಇದೆ. ಗಟ್ಟಿ-ಮೆತ್ತನೆ ಜೋಡಿಯ ಎಳೆತ ಪರೀಕ್ಷೆ ಹೇಗೆ ಮಾಡಬೇಕು ಅಂತ ಅದರಲ್ಲಿ ಹೇಳಿದೆ.

ಈಗ ದಾರಿಗಳು. ಉಕ್ಕು ಮುಟ್ಟದೆ ಮಾಡಬಹುದಾದ್ದು ಸ್ವಲ್ಪ ಇದೆ. ಬಾಡಿಗಳನ್ನು ಹೊಡೆದು ಇಷ್ಟೇ ಗಂಟೆ ಆದ ಮೇಲೆ ಓವರ್‌ಮೋಲ್ಡ್ ಅಂತ ಒಂದು ನಿಯಮ ಇಡಿ. ತುಂಬುವಿಕೆಯ ಕೊನೆಯಲ್ಲಿ ವೇಗ ಇಳಿಸಿ, ಸ್ವಿಚ್‌ಓವರ್ ಸ್ವಲ್ಪ ಮೊದಲೇ ಮಾಡಿ. ಟಿಪಿಇ ವೇಗವಾಗಿ ನುಗ್ಗಿದಷ್ಟೂ ನೀರಾಗುತ್ತದೆ, ಅದಕ್ಕೇ ವೇಗದ ಮೇಲೆ ಕಣ್ಣಿರಲಿ. ಆದರೆ ಫ್ಲ್ಯಾಶ್ ನಿಲ್ಲಿಸಲು ಮೆಲ್ಟ್ ಉಷ್ಣಾಂಶ ಇಳಿಸುವ ಚಾಳಿ ಬೇಡ. ಫ್ಲ್ಯಾಶ್ ಹೋಗುತ್ತದೆ, ಬೆಸುಗೆಯೂ ಹೋಗುತ್ತದೆ. ಅದು ನಿಮಗೆ ಗೊತ್ತಾಗುವುದು ಕೆಲವು ತಿಂಗಳ ಮೇಲೆ, ಕಸ್ಟಮರ್ ಫೋನ್ ಮಾಡಿದಾಗ. ಗಾಳಿ ಹೋಗುವ ದಾರಿಯನ್ನೂ ನೋಡಿ. ಶಟ್‌ಆಫ್ ಸುತ್ತಲೂ ಬಿಗಿಯಾಗಿ, ವೆಂಟ್ ಇಲ್ಲದಿದ್ದರೆ ಮೂಲೆ ತುಂಬುವುದಿಲ್ಲ. ಮೂಲೆ ತುಂಬಲಿಲ್ಲ ಅಂತ ಆಪರೇಟರ್ ಪ್ರೆಶರ್ ಏರಿಸುತ್ತಾನೆ, ಬೇರೆ ಕಡೆ ಫ್ಲ್ಯಾಶ್ ಬರುತ್ತದೆ. ಕೊನೆಗೆ ತುಂಬುವ ಜಾಗದಲ್ಲಿ 0.01ರಿಂದ 0.02 ಮಿ.ಮೀ. ಆಳದ ವೆಂಟ್ ಸಾಕು.

ಇಷ್ಟರಿಂದ ಟ್ರಿಮ್ಮಿಂಗ್ ಕೆಲಸ ಕಡಿಮೆ ಆಗಬಹುದು. ನಿಲ್ಲುವುದಿಲ್ಲ.

ಸಾಮಾನ್ಯವಾಗಿ ಪುಸ್ತಕದ ಉತ್ತರ ಏನೆಂದರೆ ಬಾಡಿಯಲ್ಲಿ ಗ್ರಿಪ್ ಸುತ್ತ ಸುಮಾರು 1 ಮಿ.ಮೀ. ತಗ್ಗು ಕೊಟ್ಟು, ಟಿಪಿಇ ಅದರೊಳಗೆ 90 ಡಿಗ್ರಿ ಮೆಟ್ಟಿಲಿಗೆ ತಾಗಿ ನಿಲ್ಲುವ ಹಾಗೆ ಮಾಡುವುದು. ಹೊಸ ಡೈ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ನಿಮ್ಮ ವಿಷಯದಲ್ಲಿ ಎರಡು ತೊಡಕು. ಪ್ಲಾಸ್ಟಿಕ್‌ನಲ್ಲಿ ತಗ್ಗು ಬೇಕಾದರೆ ಬಾಡಿ ಡೈನಲ್ಲಿ ಉಕ್ಕು ಎದ್ದು ನಿಲ್ಲಬೇಕು. ಇಲ್ಲದ ಉಕ್ಕನ್ನು ಎಲ್ಲಿಂದ ತರುವುದು? ನಾಲ್ಕೂ ಕ್ಯಾವಿಟಿಗೆ ಇನ್ಸರ್ಟ್ (ಬೇರೆ ಉಕ್ಕಿನ ತುಂಡು) ಹಾಕಬೇಕು ಇಲ್ಲವೇ ವೆಲ್ಡ್ ಮಾಡಬೇಕು. ವೆಲ್ಡ್ ಆದ ಜಾಗ ಪಾಲಿಶ್‌ನಲ್ಲಿ ಬೇರೆಯಾಗಿ ಕಾಣುವ ಅಪಾಯ ಇದ್ದೇ ಇದೆ. ಎರಡನೆಯದು, 2.2ರಲ್ಲಿ 1 ಮಿ.ಮೀ. ಹೋದರೆ ಉಳಿಯುವುದು 1.2. ಗೋಡೆ ಇನ್ನೂ ಬಾಗುತ್ತದೆ.

ಹಾಗಾಗಿ ನಿಮಗೆ ನಾನು ಹೇಳುವುದು ಉಲ್ಟಾ ದಾರಿ. ತಗ್ಗಿನ ಬದಲು ಗ್ರಿಪ್ ಸುತ್ತ ಬಾಡಿಯಲ್ಲೇ ಒಂದು ಎದ್ದ ಚೌಕಟ್ಟು ಕೊಡಿ. ಅಗಲ 1.5 ಮಿ.ಮೀ., ಎತ್ತರ 1.3. ಟಿಪಿಇ ಚೌಕಟ್ಟಿನ ಒಳಗೆ ತುಂಬಿ, ಅದರ ಮೇಲ್ಮೈಗಿಂತ 0.1ರಿಂದ 0.2 ಕೆಳಗೆ ನಿಲ್ಲಲಿ. ಅಂಚಿನಲ್ಲೂ ಟಿಪಿಇಗೆ 1 ಮಿ.ಮೀ.ಗಿಂತ ಜಾಸ್ತಿ ದಪ್ಪ ಸಿಗುತ್ತದೆ, ಬಿಸಿ ಉಳಿಯುತ್ತದೆ, ಬೆಸುಗೆ ಆಗುತ್ತದೆ. ಬೆರಳು ಅಂಚಿಗೆ ಸಿಕ್ಕುವುದಿಲ್ಲ, ಚೌಕಟ್ಟು ಕಾಯುತ್ತದೆ. ಎರಡನೇ ಡೈನ ಉಕ್ಕು ಚೌಕಟ್ಟಿನ ನೆತ್ತಿಯ ಮೇಲೆ ಕೂರುತ್ತದೆ. ಪಕ್ಕಗಳಲ್ಲಿ ಈ ಚೌಕಟ್ಟಿಗೆ ಮೇಲ್ಮುಖವಾದ ಚಪ್ಪಟೆ ಮೆಟ್ಟಿಲಿನ ಆಕಾರ ಕೊಡಿ, ಅದರ ತಳ ಪಾರ್ಟಿಂಗ್ ಲೈನ್‌ವರೆಗೂ ಇಳಿದು ನಿಲ್ಲಲಿ. ಆಗ ಬಾಡಿ ಡೈನಲ್ಲಿ ಅಂಡರ್‌ಕಟ್ (ಪೀಸ್ ಬಿಡದೆ ಸಿಕ್ಕಿಕೊಳ್ಳುವ ಆಕಾರ) ಆಗುವುದಿಲ್ಲ, ಎರಡನೇ ಡೈ ಮುಚ್ಚುವಾಗ ಉಕ್ಕು ಸವರದೆ ನೇರವಾಗಿ ಒತ್ತುತ್ತದೆ. 0.009 ಇದ್ದ ಜಾಗದಲ್ಲಿ ಪೂರ್ತಿ ಕ್ರಶ್ ಸಿಗುತ್ತದೆ.

ಮುಖ್ಯವಾದ್ದು, ಇದಕ್ಕೆ ಎರಡೂ ಡೈನಲ್ಲಿ ಉಕ್ಕನ್ನು ಬರೀ ತೆಗೆಯಬೇಕು. ಎಲ್ಲೂ ಸೇರಿಸಬೇಕಾಗಿಲ್ಲ. ಸಿಎನ್‌ಸಿ ಮೆಷಿನ್ ಮತ್ತು ಸ್ಪಾರ್ಕ್‌ನಲ್ಲಿ (ವಿದ್ಯುತ್ ಕಿಡಿಯಿಂದ ಉಕ್ಕು ತೆಗೆಯುವ ಮೆಷಿನ್) ಮುಗಿಯುವ ಕೆಲಸ.

ಅಪಾಯಗಳನ್ನೂ ಹೇಳಿಬಿಡುತ್ತೇನೆ. ತೆಗೆದ ಉಕ್ಕು ವಾಪಸ್ ಬರುವುದಿಲ್ಲ. ಅದಕ್ಕೆ ಮೊದಲು ಬಾಡಿ ಡೈನ ಒಂದೇ ಕ್ಯಾವಿಟಿ ತಿದ್ದಿಸಿ, ಅದರ ಪೀಸ್‌ಗಳನ್ನು ಎರಡು ದಿನ ಇಟ್ಟು ಅಳೆದು, ಆಮೇಲೆ ಎರಡನೇ ಡೈ ಕತ್ತರಿಸಿ. ಎರಡನೇ ಡೈಗೆ ಕ್ಯಾಡ್ ಅಳತೆ ಕೊಡಬೇಡಿ, ಕುಗ್ಗಿದ ನಿಜವಾದ ಪೀಸ್‌ನ ಅಳತೆ ಕೊಡಿ. ಕ್ರಶ್ ಇಟ್ಟುಕೊಳ್ಳಲು ಚೌಕಟ್ಟಿನ ಜಾಗವನ್ನು ಮೊದಲು 0.15 ಕಡಿಮೆ ಆಳಕ್ಕೆ ಕತ್ತರಿಸಿ, ಬ್ಲೂ ನೋಡುತ್ತಾ 0.08ರ ಆಸುಪಾಸಿಗೆ ತನ್ನಿ. ಪಿಪಿ ಆದ್ದರಿಂದ ಇಷ್ಟು ಒತ್ತಿದರೆ ತಡೆಯುತ್ತದೆ. ಎಬಿಎಸ್ ಪ್ಲಾಸ್ಟಿಕ್ ಆಗಿದ್ದರೆ ಬೆಳ್ಳಗಾಗುವ ಭಯ, ಪಿಸಿ (ಪಾಲಿಕಾರ್ಬೊನೇಟ್) ಆಗಿದ್ದರೆ ಬಿರುಕಿನ ಭಯ. ಚೌಕಟ್ಟಿನ ನೆತ್ತಿಯಲ್ಲಿ ಒಂದು ಸಣ್ಣ ಒತ್ತಿದ ಗುರುತು ಉಳಿದೇ ಉಳಿಯುತ್ತದೆ. ಅದನ್ನೂ, ಬದಲಾದ ನೋಟವನ್ನೂ ಕಸ್ಟಮರ್‌ಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯಿರಿ. ಮೂಲೆಗಳು ಚೂಪಾಗಿ ಬೇಡ, ಒಂದೂವರೆ ಮಿ.ಮೀ. ರೇಡಿಯಸ್ ಆದರೂ ಇರಲಿ. ಚೂಪು ಮೂಲೆಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ.

ನೋಟ ಬದಲಾಗಲು ಕಸ್ಟಮರ್ ಒಪ್ಪದಿದ್ದರೆ? ಗ್ರಿಪ್‌ನ ಅಂಚನ್ನು 85 ಡಿಗ್ರಿಯಿಂದ 60ಕ್ಕೆ ಮೇಲೆತ್ತಿ. ಎರಡೂ ಪಕ್ಕ ಸುಮಾರು 8 ಮಿ.ಮೀ. ಗ್ರಿಪ್ ಹೋಗುತ್ತದೆ, ಅಂಗೈಗೆ ಅದು ಅಷ್ಟೇನೂ ಗೊತ್ತಾಗದು. ಶಟ್‌ಆಫ್ ಒತ್ತಲು ಶುರು ಮಾಡುತ್ತದೆ. ಆದರೆ ಇದಕ್ಕೆ ಎರಡನೇ ಡೈಗೆ ಹೊಸ ಇನ್ಸರ್ಟ್ ಬೇಕು, ತೆಳು ಅಂಚಿನ ರೋಗವೂ ಪೂರ್ತಿ ಗುಣವಾಗುವುದಿಲ್ಲ. ನನಗೆ ಎರಡನೇ ಆಯ್ಕೆ ಇದು.

ಶಟ್‌ಆಫ್ ಗೆರೆಯುದ್ದಕ್ಕೂ ಬಾಡಿಯಲ್ಲಿ 0.1 ಮಿ.ಮೀ. ಎತ್ತರದ ಸಣ್ಣ ಕ್ರಶ್ ಬೀಡ್ (ಒತ್ತಿದಾಗ ಚಪ್ಪಟೆಯಾಗುವ ಏಣು) ಕೊಟ್ಟರೆ ಸಾಲದಾ ಅಂತ ಡೈ ಮೇಕರ್ ಕೇಳಬಹುದು. ಮುಂದೆ ಹಿಂದೆ ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚೂ ಕಡಿಮೆ. ಆದರೆ ನಿಮ್ಮ ತೊಂದರೆ ಇರುವುದು ಪಕ್ಕದಲ್ಲಿ. ಅಲ್ಲಿ ಬೀಡ್ ನೆಟ್ಟಗಿನ ಗೋಡೆ ಮೇಲೆ ಬರುತ್ತದೆ. ಬಾಡಿ ಡೈನಿಂದ ಬಿಡಿಸುವಾಗಲೇ ಸವೆಯುತ್ತದೆ, ಉಳಿದಿದ್ದನ್ನು ಎರಡನೇ ಡೈ ಕೆರೆದುಹಾಕುತ್ತದೆ.

ಎರಡೂ ಪ್ಲಾಸ್ಟಿಕ್ಕನ್ನು ಒಂದೇ ಮೆಷಿನ್‌ನಲ್ಲಿ ಒಂದರ ಹಿಂದೆ ಒಂದು ಹೊಡೆಯುವ ಟೂ-ಶಾಟ್ ಮೆಷಿನ್ ಬಗ್ಗೆ ಯಾರಾದರೂ ಹೇಳಿರಬಹುದು. ಬಾಡಿ ಕೋರ್ ಮೇಲೇ ಉಳಿದು ತಿರುಗುವುದರಿಂದ ಕುಗ್ಗುವಿಕೆಯ ಏರುಪೇರು, ಕ್ಯಾವಿಟಿ ಬೆರಕೆ, ಸಡಿಲ ಕೋರ್ ಎಲ್ಲವೂ ಒಟ್ಟಿಗೆ ತೀರುತ್ತವೆ. ಬೆಸುಗೆಯೂ ಚೆನ್ನ. ಆದರೆ ಮೆಷಿನ್, ಡೈ ಎರಡೂ ಹೊಸದು. ಇದೊಂದೇ ಟಾರ್ಚ್‌ಗಾಗಿ ಆ ಸಾಲ ಮಾಡಬೇಡಿ. ಅದಕ್ಕಿಂತ ಗ್ರಿಪ್ಪನ್ನು ಬೇರೆಯಾಗಿ ತೋಳಿನ ಹಾಗೆ ಹೊಡೆದು ಬಾಡಿಗೆ ಏರಿಸುವುದು ಎಷ್ಟೋ ವಾಸಿ, ಎಣ್ಣೆ ಕೈಯಲ್ಲಿ ಸ್ವಲ್ಪ ತಿರುಗುತ್ತದೆ ಅನ್ನುವುದನ್ನು ಕಸ್ಟಮರ್ ಸಹಿಸುವುದಾದರೆ.

ತಪ್ಪು ಯಾರದು, ದುಡ್ಡು ಯಾರು ಕೊಡಬೇಕು ಅನ್ನುವ ಜಗಳ ಶುರುವಾಗಿರಬೇಕು. ಬಾಡಿಯ ಡ್ರಾಯಿಂಗ್ ತೆಗೆದು ನೋಡಿ. ಶಟ್‌ಆಫ್ ಗೆರೆ ಅದರಲ್ಲಿ ಬರೆದಿತ್ತಾ? ಅದರ ಅಗಲ, ಟಾಲರೆನ್ಸ್, ಫಿನಿಶ್ ಕೊಟ್ಟಿತ್ತಾ? ಕೊಟ್ಟಿರದಿದ್ದರೆ ಬಾಡಿ ಡೈ ಮಾಡಿದವರು ತಮಗೆ ಹೇಳಿದ್ದನ್ನು ಮಾಡಿದ್ದಾರೆ, ಅವರ ಮೇಲೆ ಹಾಕುವುದು ನ್ಯಾಯ ಅಲ್ಲ. ಕೋರ್ ಸಡಿಲ ಇದ್ದರೆ ಮಾತ್ರ ಅದು ಎರಡನೇ ಡೈ ಮಾಡಿದವರ ಜವಾಬ್ದಾರಿ. ಅದನ್ನು ಅವರು ಸರಿ ಮಾಡಿಕೊಡಲೇಬೇಕು, ಚೌಕಟ್ಟು ಕತ್ತರಿಸುವ ಮೊದಲೇ. ಗೋಡೆ ಬಾಗುತ್ತಿದ್ದರೆ ಹೊಸ ಶಟ್‌ಆಫ್ ಕೂಡ ಹಿಡಿಯುವುದಿಲ್ಲ. ಶಾರ್ಟ್ ಶಾಟ್, ಬ್ಲೂ ಎರಡನ್ನೂ ಡೈ ಮೇಕರ್‌ರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಮಾಡಿ, ಪೀಸ್‌ಗಳ ಮೇಲೆ ಕ್ಯಾವಿಟಿ ನಂಬರ್, ತಾರೀಖು ಬರೆದು ಇಟ್ಟುಕೊಳ್ಳಿ.